ಕೂದಲ ತಕ್ಕಡಿ

ಕಾಗದ ಸುಳ್ಳು ಹೇಳುತ್ತದೆ, ಬಾಯಿ ಸುಳ್ಳು ಹೇಳುತ್ತದೆ, ಕುಡಿದ ನೀರು ಮಾತ್ರ ಸುಳ್ಳು ಹೇಳುವುದಿಲ್ಲ. ಈ ಒಂದು ಮಾತನ್ನು ನಂಬಿ ಸರ್ಕಾರ ಆ ಯಂತ್ರವನ್ನು ತಂದು ಹೊಳೆದಂಡೆಯ ಮೇಲೆ ಕೂರಿಸಿತು.

ಅದಕ್ಕೆ ಸರ್ಕಾರ ಇಟ್ಟ ಹೆಸರು ಮೂಲಮಾಪಕ. ಜನ ಕರೆದದ್ದು ಕೂದಲ ತಕ್ಕಡಿ ಎಂದು. ಹೊಸ ಅಣೆಕಟ್ಟಿನ ಹಿನ್ನೀರಿನಲ್ಲಿ ಹದಿನಾಲ್ಕು ಹಳ್ಳಿಗಳು ಮುಳುಗುವುದಿತ್ತು. ಮುಳುಗುವವರಿಗೆ ದಿಬ್ಬದ ಮೇಲೆ ಹೊಸ ಊರು, ಮನೆತನಕ್ಕೊಂದು ಜಾಗ. ಆ ಹಳ್ಳಿಗಳಲ್ಲಿ ಇದ್ದವರು ನಲವತ್ತು ಸಾವಿರ ಜನ. ನಾವೂ ಅಲ್ಲಿಯವರೇ ಎಂದು ಕಾಗದ ಹಿಡಿದು ಬಂದವರು ಒಂದು ಲಕ್ಷದ ಮೇಲೆ. ಯಾವ ಕಾಗದಕ್ಕೂ ಬೆಲೆ ಉಳಿಯಲಿಲ್ಲ. ಆಗ ಯಾರೋ ದೊಡ್ಡವರು ಹೇಳಿದರು, ಕಾಗದ ಕೇಳಬೇಡಿ, ಮೈ ಕೇಳಿ.

ಮೈ ಹೇಗೆ ಹೇಳುತ್ತದೆ? ನೀರಿನಲ್ಲಿ ಆಮ್ಲಜನಕವಿದೆ. ಅದರ ಪ್ರತಿ ಪರಮಾಣುವಿನಲ್ಲೂ ಎಂಟು ಪ್ರೋಟಾನು. ಎಂಟಿದ್ದರೇ ಅದು ಆಮ್ಲಜನಕ. ಅದು ಅದರ ಪರಮಾಣು ಸಂಖ್ಯೆ, ಎಲ್ಲಿ ಹೋದರೂ ಬದಲಾಗದು. ನ್ಯೂಟ್ರಾನಿನ ಕಥೆ ಹಾಗಲ್ಲ. ಹೆಚ್ಚಿನ ಪರಮಾಣುಗಳಲ್ಲಿ ನ್ಯೂಟ್ರಾನೂ ಎಂಟು, ಕೂಡಿದರೆ ಹದಿನಾರು. ಸಾವಿರಕ್ಕೆ ಎರಡರಲ್ಲಿ ಹತ್ತು, ಕೂಡಿದರೆ ಹದಿನೆಂಟು. ಈ ಹದಿನಾರು, ಹದಿನೆಂಟು ಎನ್ನುವವು ರಾಶಿ ಸಂಖ್ಯೆಗಳು. ಇಂಗಾಲದ ಹನ್ನೆರಡನ್ನು ತೂಕದ ಕಲ್ಲಾಗಿ ಇಟ್ಟುಕೊಂಡು, ಹಗುರದವನ್ನೂ ಭಾರದವನ್ನೂ ಅವವುಗಳ ಪಾಲಿನಷ್ಟು ಕೂಡಿಸಿ ತೆಗೆದ ಸರಾಸರಿಯೇ ಪರಮಾಣು ರಾಶಿ. ಪುಸ್ತಕದಲ್ಲಿ ಬರೆದಿರುವುದು ಈ ಸರಾಸರಿಯನ್ನೇ.

ಆದರೆ ಈ ಸರಾಸರಿ ಊರೂರಿಗೆ ಕೂದಲೆಳೆಯಷ್ಟು ಬೇರೆ. ಬಿಸಿಲ ಸೀಮೆಯ ಹೊಳೆಯಲ್ಲಿ ಹಗುರ ನೀರು ಮೊದಲು ಆವಿಯಾಗಿ ಹಾರುತ್ತದೆ, ಭಾರದ್ದು ಹಿಂದುಳಿಯುತ್ತದೆ. ಘಟ್ಟದ ಮಳೆ ತುಂಬಿದ ಕೆರೆಯ ನೀರಿನ ಲೆಕ್ಕ ಬೇರೆ, ಕೊಳವೆ ಬಾವಿಯದು ಇನ್ನೂ ಬೇರೆ. ವ್ಯತ್ಯಾಸವೆಲ್ಲ ದಶಮಾಂಶದ ಐದನೇ ಸ್ಥಾನದಲ್ಲಿ. ಆ ನೀರು ಕುಡಿದವರ ಕೂದಲಲ್ಲಿ ಅದೇ ಲೆಕ್ಕ ಮೂಡುತ್ತದೆ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹನ್ನೆರಡು ಸೆಂಟಿಮೀಟರ್ ಕೂದಲು ಎಂದರೆ ಒಂದು ವರ್ಷದ ನೀರು. ಅದನ್ನು ಪುಡಿ ಮಾಡಿ, ಸುಟ್ಟು, ತೂಗಿ, ದೇಶದ ನೀರಿನ ನಕ್ಷೆಯ ಜೊತೆ ಹೋಲಿಸಿ, ಈ ಮನುಷ್ಯ ಇಂಥ ವಲಯದವನು ಎಂದು ಯಂತ್ರ ಹೇಳುತ್ತಿತ್ತು. ಇಲ್ಲಿಯವನಲ್ಲದಿದ್ದರೆ ಯಾವ ವಲಯಕ್ಕೆ ತಾಳೆಯಾಗುತ್ತದೋ ಅಲ್ಲಿಗೆ ಸಾಗಹಾಕುತ್ತಿದ್ದರು. ಹೊರಗೆ ಹಾಕುತ್ತಿಲ್ಲ, ಅವರವರ ಊರಿಗೆ ಮುಟ್ಟಿಸುತ್ತಿದ್ದೇವೆ ಎಂಬ ಸಮಾಧಾನ ಬೇರೆ.

ಹದಿನಾಲ್ಕು ಹಳ್ಳಿಯ ಗಂಡಸರು ಕ್ಷೌರ ಬಿಟ್ಟರು. ಗಡ್ಡ ಮೀಸೆಯ ಹುಡುಗರೆಲ್ಲ ಸನ್ಯಾಸಿಗಳ ಹಾಗೆ ಜಡೆ ಬಿಟ್ಟುಕೊಂಡು ಚಹಾದ ಅಂಗಡಿಯಲ್ಲಿ ಕೂತರು. ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಕ್ಕಳ ಕೂದಲಲ್ಲಿ ತವರಿನ ನೀರಿತ್ತು. ಯಂತ್ರ ಅವರನ್ನು ತವರಿಗೆ ಕಳಿಸಿತು. ಗಂಡನ ಮನೆಯ ಹೊಸ್ತಿಲು ದಾಟಿ ಬಂದವಳಿಗೆ ಯಂತ್ರ ಕೊಟ್ಟ ಮರ್ಯಾದೆ ಅದು.

ಆ ಯಂತ್ರದ ಗುಂಡಿ ಒತ್ತುವವನು ಯಂಕಣ್ಣ.

*

ಯಂಕಣ್ಣ ನಡುಗಡ್ಡಿಹಾಳದವನು, ಮುಳುಗುವ ಹದಿನಾಲ್ಕರಲ್ಲಿ ಒಂದು. ವಯಸ್ಸು ನಲವತ್ತಾರು. ರಸಾಯನಶಾಸ್ತ್ರದಲ್ಲಿ ಬಿಎಸ್ಸಿ ಮಾಡಿ, ಹನ್ನೊಂದು ವರ್ಷ ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ಕೊಳವೆ ತೊಳೆದು, ಕೊನೆಗೆ ಈ ಕೇಂದ್ರದಲ್ಲಿ ಆಪರೇಟರ್ ಆಗಿ ಖಾಯಂ ಆಗಿದ್ದ. ಅವನನ್ನು ಓದಿಸಿದವಳು ಅಕ್ಕ ಸೂಗಮ್ಮ. ತಾಯಿ ಸತ್ತಾಗ ಅವನಿಗೆ ಆರು ವರ್ಷ, ಅವಳಿಗೆ ಹದಿನೆಂಟು. ಗಂಡ ಬಿಟ್ಟುಹೋದ ಮೇಲೆ ಅವಳು ವರ್ಷದ ಆರು ತಿಂಗಳು ಮುಂಬೈಯಲ್ಲಿ ಕಟ್ಟಡದ ಮೇಲೆ ಇಟ್ಟಿಗೆ ಹೊತ್ತಳು, ಆರು ತಿಂಗಳು ಊರಲ್ಲಿ ಕಳೆ ತೆಗೆದಳು. ಹೀಗೆ ಮೂವತ್ತಾರು ವರ್ಷ. ಮೊಣಕಾಲು ಕೈಕೊಟ್ಟ ಮೇಲೆ, ಮೂರು ವರ್ಷದಿಂದ, ಊರಲ್ಲೇ ಇದ್ದಳು.

ತಮ್ಮನ ನೌಕರಿ ಖಾಯಂ ಆದರೆ ಮುಡಿ ಕೊಡುತ್ತೇನೆಂದು ಅವಳು ಹರಕೆ ಹೊತ್ತಿದ್ದಳು. ಆಯಿತು. ಹೋಗಿ ಬೋಳಿಸಿಕೊಂಡು ಬಂದಳು. ಊರೆಲ್ಲ ಕೂದಲು ಬೆಳೆಸುತ್ತಿದ್ದಾಗ ಇವಳೊಬ್ಬಳು ನುಣ್ಣಗೆ ತಲೆ ಹೊತ್ತು ಬಸ್ಸಿನಿಂದ ಇಳಿದಳು.

ಯಂಕಣ್ಣ ಕೂಗಾಡಿದ. "ನಿನಗ ತಲಿ ಐತೇನು?"

"ಐತಲ್ಲೋ, ಕಾಣಂಗಿಲ್ಲೇನು? ಈಗ ಪೂರಾ ಕಾಣ್ತೈತಿ ನೋಡು," ಎಂದಳು ಸೂಗಮ್ಮ, ಬೋಳುತಲೆ ತಟ್ಟಿಕೊಂಡು.

"ಒಂದು ವರ್ಷ ತಡದಿದ್ರ ನಿನ್ನ ದೇವರು ಏನ್ ಓಡಿ ಹೋಗ್ತಿದ್ನ?"

"ಮಾತು ಕೊಟ್ಟಾಕಿ ನಾನು. ನಿನ್ನ ಮಿಶಿನ್ನಿಗೆ ಅಂಜಿ ದೇವರಿಗೆ ತಪ್ಪಲೇನು? ಇಡೀ ಊರು ನನ್ನ ಕಂಡೈತಿ. ಈ ಮನಿ ಗ್ವಾಡಿ ಕಟ್ಟಾಕ ಮಣ್ಣು ಹೊತ್ತಾಕಿ ನಾನು. ನನ್ನ ಯಾರ್ ಕೇಳ್ತಾರ?"

ಕೇಳಿದರು. ನಾಲ್ಕು ತಿಂಗಳಿಗೆ ನಡುಗಡ್ಡಿಹಾಳದ ಸರದಿ ಬಂತು. ಅವಳ ತಲೆಯ ಮೇಲೆ ನಾಲ್ಕು ಸೆಂಟಿಮೀಟರ್ ಕೂದಲು, ಬೇಕಾದ್ದು ಹನ್ನೆರಡು.

ಅಂದು ಸಂಜೆ ಯಂಕಣ್ಣ ಒಲೆಯ ಮುಂದೆ ಕೂತಿದ್ದ. ಸೂಗಮ್ಮ ರೊಟ್ಟಿ ಬಡಿಯುತ್ತಿದ್ದಳು, ಅವನ ಹೆಂಡತಿ ನೀಲಮ್ಮ ಬೇಯಿಸುತ್ತಿದ್ದಳು.

"ಅಲ್ಲೋ ತಮ್ಮಾ, ಆ ಮಿಶಿನ್ನು ಏನ್ ತೂಗ್ತೈತಿ? ಕೂದಲಾ ತೂಗಿದ್ರ ಊರು ಹೆಂಗ ಗೊತ್ತಾಕ್ಕೈತಿ?"

ಯಂಕಣ್ಣನಿಗೆ ಹೇಳಿಕೊಡುವುದೆಂದರೆ ಇಷ್ಟ. "ನಳದ ನೀರಿಗೆ ಪುಡಿ ಹಾಕ್ತಾರಲ್ಲ, ಮೂಗಿಗೆ ಹೊಡಿತೈತಲ್ಲ ವಾಸನಿ, ಅದರಾಗ ಕ್ಲೋರಿನ್ ಅಂತ ಒಂದು ಇರ್ತೈತಿ," ಎಂದು ಬುಟ್ಟಿಯಿಂದ ನಾಲ್ಕು ರೊಟ್ಟಿ ತೆಗೆದು ಸಾಲಾಗಿ ಇಟ್ಟ. "ಇವು ನಾಕು ಕ್ಲೋರಿನ್ ಪರಮಾಣು ಅಂತ ತಿಳಿ. ಮೂರು ಮೂವತ್ತೈದು ತೂಗ್ತಾವು. ಈ ಒಂದು ದಪ್ಪಂದು, ಮೂವತ್ತೇಳು. ನಾಕೂ ಕೂಡಿಸಿದ್ರ ನೂರಾ ನಲವತ್ತೆರಡು. ನಾಕರಿಂದ ಭಾಗಿಸಿದ್ರ ಎಷ್ಟಾತು? ಮೂವತ್ತೈದೂವರಿ. ಪುಸ್ತಕದಾಗ ಕ್ಲೋರಿನ್ ಪರಮಾಣು ರಾಶಿ ಅಂತ ಅದನ್ನ ಬರ್ದಿರ್ತಾರ."

ಸೂಗಮ್ಮ ಹಿಟ್ಟಿನ ಕೈಯಿಂದಲೇ ರೊಟ್ಟಿಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. "ಇದರಾಗ ಮೂವತ್ತೈದೂವರಿದ್ದು ಯಾವುದು?"

"ಯಾವುದೂ ಅಲ್ಲ."

"ಮತ್ತ?"

"ಅದು ಸರಾಸರಿ ಯಕ್ಕಾ. ಹುಡುಕಿದ್ರ ಮೂವತ್ತೈದು ಸಿಗ್ತೈತಿ, ಮೂವತ್ತೇಳು ಸಿಗ್ತೈತಿ. ಮೂವತ್ತೈದೂವರಿ ತೂಗೋ ಕ್ಲೋರಿನ್ ಪರಮಾಣು ಈ ಭೂಮಿ ಮ್ಯಾಲ ಒಂದೂ ಇಲ್ಲ."

"ಒಂದೂ ಇಲ್ಲದ್ದನ್ನ ಎಲ್ಲಾದರ ಹೆಸರಿಲೆ ಬರಕೊಂಡು ಕುಂತೀರಿ! ಅದಕ್ಕ ನಿಮಗ ಪಗಾರ ಬ್ಯಾರೆ," ಎಂದು ಸೂಗಮ್ಮ ನಕ್ಕಳು. ನೀಲಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಯಂಕಣ್ಣ ದಪ್ಪ ರೊಟ್ಟಿ ಮುರಿದು ತಿನ್ನತೊಡಗಿದ.

ತಿನ್ನುತ್ತಲೇ ಅವನಿಗೆ ನೆನಪಾಯಿತು, ನಿಯಮದಲ್ಲಿ ಒಂದು ಕಲಮು ಇದೆ. ತಲೆಯ ಮೇಲೆ ಸಾಕಷ್ಟು ಕೂದಲಿಲ್ಲದವರು ಉದುರಿದ ತಮ್ಮದೇ ಕೂದಲು ಕೊಡಬಹುದು. ತಲೆಯದೂ ಅದೂ ಒಬ್ಬರದೇ ಎಂದು ತಾಳೆಯಾದರೆ ಸಾಕು. ಅವನ ಕಣ್ಣು ಗೋಡೆಯ ಗೂಡಿನ ಕಡೆ ಹೋಯಿತು. ಬಾಚಿದಾಗ ಉದುರಿದ ಕೂದಲನ್ನು ಸೂಗಮ್ಮ ಉಂಡೆ ಕಟ್ಟಿ ಅಲ್ಲಿ ತುರುಕುತ್ತಿದ್ದಳು. ಕೂದಲು ತಗೊಂಡು ಸ್ಟೀಲಿನ ಪಾತ್ರೆ ಕೊಡುವವನು ಊರಿಗೆ ಬಂದಾಗ ಹಾಕಲೆಂದು. ಎಲ್ಲ ಮನೆಗಳಲ್ಲೂ ಅದೇ ಪದ್ಧತಿ.

"ಯಕ್ಕಾ, ಆ ಉಂಡಿ ನಿನ್ನದ ಅಲ್ಲೇನು?"

"ನಂದ. ನೀಲವ್ವಂದು ಆ ಕಡೆ ಗೂಡು."

"ಅದನ್ನ ಕೊಡು. ನಾಳಿ ಅದನ್ನ ಕೊಡು."

"ಅಷ್ಟೂ ಕೊಟ್ರ ಡಬರಿ ಬರೂದು ತಪ್ತೈತಲ್ಲೋ," ಎಂದಳು. ಆದರೆ ಕೊಟ್ಟಳು. ಆ ಉಂಡೆ ಎಷ್ಟು ವರ್ಷದ್ದು ಎಂದು ಅವನು ಕೇಳಲಿಲ್ಲ. ನಮ್ಮ ಮನೆಯ ಗೋಡೆಯಲ್ಲಿದ್ದದ್ದು ನಮ್ಮ ಮನೆಯಲ್ಲಿ ಉದುರಿದ್ದು ಎಂದುಕೊಂಡ. ಓದಿದವನು, ಏಳು ಸಾವಿರ ಜನರ ಕೂದಲು ತೂಗಿದವನು, ಆ ಒಂದು ಪ್ರಶ್ನೆ ಕೇಳಲಿಲ್ಲ.

*

ಯಂತ್ರದ ಕೋಣೆ ಯಾವಾಗಲೂ ತಣ್ಣಗಿರುತ್ತಿತ್ತು. ಮೊಹರು ಹಾಕಿದ ಪೊಟ್ಟಣಗಳು ಪಟ್ಟಿಯ ಮೇಲೆ ಬಂದು ಒಳಗೆ ಹೋಗುತ್ತಿದ್ದವು. ಒಡೆಯುವುದು, ತೊಳೆಯುವುದು, ಪುಡಿ ಮಾಡುವುದು ಎಲ್ಲ ಒಳಗೇ. ಯಾರ ಕೈಯೂ ಸೋಕುವಂತಿಲ್ಲ. ಪೊಟ್ಟಣದ ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ. ಯಂಕಣ್ಣ ಹಸಿರು ಗುಂಡಿ ಒತ್ತಬೇಕು, ಹನ್ನೊಂದು ನಿಮಿಷ ಕಾಯಬೇಕು, ಪರದೆಯ ಮೇಲೆ ಬಂದ ವಲಯವನ್ನು ಗಟ್ಟಿಯಾಗಿ ಓದಬೇಕು. ಅವರ ಊರಿನ ವಲಯ ಹದಿನೆಂಟು.

ಅಕ್ಕನ ಸಂಖ್ಯೆ ಅವನಿಗೆ ಬಾಯಿಪಾಠವಾಗಿತ್ತು. ಏಳು ಸಾವಿರದ ಏಳುನೂರ ಹದಿನಾರು. ಮಧ್ಯಾಹ್ನ ಊಟದ ಮುಂಚೆ ಬಂತು. ಗುಂಡಿ ಒತ್ತಿದ. ಹನ್ನೊಂದು ನಿಮಿಷ ಆರಾಮಾಗಿ ಕೂತಿದ್ದ, ಬಾಗಿಲ ಬಳಿಯ ಕಾವಲಿನವನ ಜೊತೆ ಮಾತಾಡಿದ ಕೂಡ.

ವಲಯ ನಲವತ್ತೊಂದು.

ಓದಬೇಕಾದವನು ಓದಲಿಲ್ಲ. ಹಿಂದಿನ ಮೇಜಿನಲ್ಲಿದ್ದ ಡಾಕ್ಟರ್ ಮೃಣಾಲಿನಿ ತಲೆ ಎತ್ತಿದಳು. ಕೇಂದ್ರದ ವಿಜ್ಞಾನಿ ಅವಳು, ಮೈಸೂರಿನ ಕಡೆಯವಳು. ಒಳ್ಳೆಯ ಹೆಂಗಸು, ಅದೇ ತೊಂದರೆ. ಕೆಟ್ಟವಳಾಗಿದ್ದರೆ ಬೈದಾದರೂ ಹೊಟ್ಟೆ ತಣ್ಣಗೆ ಮಾಡಿಕೊಳ್ಳಬಹುದಿತ್ತು.

"ಯಂಕಣ್ಣ, ಓದಿ."

"ಇದು ತಪ್ಪೈತ್ರಿ ಮೇಡಂ."

"ಯಂತ್ರ ಸರಿಯಾಗಿದೆ, ಬೆಳಿಗ್ಗೆ ತಾನೇ ಪರೀಕ್ಷೆ ಮಾಡಿದ್ದೀವಿ."

"ಇದು ನಮ್ಮಕ್ಕಂದ್ರಿ."

ಅವಳು ಎದ್ದು ಬಂದು ಪರದೆ ನೋಡಿದಳು. ಮೆತ್ತಗೆ ಕೇಳಿದಳು. "ನಿಮ್ಮಕ್ಕ ಹೊರಗೆ ದುಡಿಯೋಕೆ ಹೋಗ್ತಿದ್ರಾ?"

"ಹೋಗ್ತಿದ್ಲರಿ. ಮುಂಬೈಗೆ. ಬಿಟ್ಟು ಮೂರು ವರ್ಷಾತು."

"ಈ ಕೂದಲು ಈಚಿನ ಮೂರು ವರ್ಷದ್ದಲ್ಲ, ಅದಕ್ಕಿಂತ ಹಳೇದು. ಅರ್ಧ ಅಲ್ಲಿಂದು, ಅರ್ಧ ಇಲ್ಲಿಂದು. ಎರಡೂ ಪುಡಿಯಾಗಿ ಕಲೆತಿದೆ. ಸರಾಸರಿ ನಲವತ್ತೊಂದಕ್ಕೆ ಹೋಗಿ ಕೂತಿದೆ."

ಯಂಕಣ್ಣನಿಗೆ ಆಗ ಹೊಳೆಯಿತು. ಪರ ಊರಲ್ಲಿ ಉದುರಿದ ಕೂದಲು ಚೆಲ್ಲಬಾರದು, ಯಾರ ಕೈಗೋ ಸಿಕ್ಕಿ ಮಾಟಕ್ಕಾಗುತ್ತದೆ ಎಂದು ಅಕ್ಕ ಹೇಳುತ್ತಿದ್ದಳು. ಮುಂಬೈಯಲ್ಲಿ ಬಾಚಿದ ಒಂದೊಂದು ಎಳೆಯನ್ನೂ ಸೆರಗಿನ ತುದಿಗೆ ಕಟ್ಟಿಕೊಂಡು ಊರಿಗೆ ತಂದು ಅದೇ ಗೂಡಿನಲ್ಲಿ ಇಡುತ್ತಿದ್ದಳು. ತನ್ನದೇನೂ ಪರಸ್ಥಳದಲ್ಲಿ ಉಳಿಯಬಾರದು ಎಂದು.

"ಮೇಡಂ, ಆಕಿ ತಲಿ ಮ್ಯಾಲ ನಾಕು ಸೆಂಟಿಮೀಟರ್ ಐತ್ರಿ. ಅದನ್ನ ತೂಗ್ರಿ. ಹದಿನೆಂಟ ಬರ್ತೈತಿ."

"ಬರುತ್ತೆ, ನನಗೂ ಗೊತ್ತು. ಆದರೆ ನಾಲ್ಕು ತಿಂಗಳು ಯಾರು ಬೇಕಾದ್ರೂ ನೆಂಟರ ಮನೇಲಿ ಇದ್ದು ನೀರು ಕುಡೀಬಹುದು. ನಿಯಮ ಹನ್ನೆರಡು ತಿಂಗಳು ಅಂತಿದೆ."

"ಹಂಗಾದ್ರ ಪುಡಿ ಮಾಡಬ್ಯಾಡ್ರಿ. ಒಂದೊಂದ ಎಳಿ ತಗೊಂಡು ಸೆಂಟಿಮೀಟರ್ ಸೆಂಟಿಮೀಟರ್ ತುಂಡು ಮಾಡಿ ತೂಗ್ರಿ. ಆರು ತಿಂಗಳು ಹೋದ್ಲು, ಆರು ತಿಂಗಳು ಬಂದ್ಲು, ಹೋದ್ಲು, ಬಂದ್ಲು, ಎಲ್ಲಾ ಕಾಣ್ತೈತಿ. ಬರೂದು ಕಾಣ್ತೈತ್ರಿ ಮೇಡಂ! ಪ್ರತಿ ವರ್ಷ ಬಂದಾಳಲ್ಲ!"

"ಒಬ್ಬರಿಗೆ ಹನ್ನೆರಡು ಸಲ ಯಂತ್ರ ಓಡಿಸಿದ್ರೆ ಒಂದು ಲಕ್ಷ ಜನಕ್ಕೆ ಎಷ್ಟು ವರ್ಷ ಬೇಕು ನೀವೇ ಹೇಳಿ. ಅಷ್ಟರಲ್ಲಿ ನೀರು ಬಂದು ಎಲ್ಲಾ ಮುಳುಗಿರುತ್ತೆ."

"ನಲವತ್ತೊಂದನ್ನ ಆಕಿ ಕಂಡಿಲ್ರಿ. ಅದು ಯಾವ ದಿಕ್ಕಿಗೈತಿ ಅಂತನೂ ಗೊತ್ತಿಲ್ಲ."

ಮೃಣಾಲಿನಿಯ ಕಣ್ಣು ಕೆಂಪಾಯಿತು. "ಮೇಲ್ಮನವಿ ಇದೆ ಯಂಕಣ್ಣ. ವರ್ಷದ ಮೇಲೆ ಹೊಸ ಕೂದಲು ಕೊಟ್ಟು ಮತ್ತೆ ತೂಗಿಸಬಹುದು. ಈಗ ದಯವಿಟ್ಟು ಓದಿ. ಹಿಂದೆ ಪೊಟ್ಟಣ ನಿಂತಿವೆ."

ಅವನು ಓದಿದ.

*

ಅಕ್ಕನಿಗೆ ಹೇಳುವುದು ಯಂಕಣ್ಣನಿಂದ ಆಗಲಿಲ್ಲ. ನೀಲಮ್ಮ ಹೇಳಿದಳು. ಸೂಗಮ್ಮ ಮೊದಲು ನಕ್ಕಳು, ತಮ್ಮ ಚೇಷ್ಟೆ ಮಾಡುತ್ತಿದ್ದಾನೆಂದು. ಅವನು ನಗದೇ ಇದ್ದದ್ದು ನೋಡಿ ಮೊರದಲ್ಲಿದ್ದ ಜೋಳವನ್ನು ಕೆಳಗಿಟ್ಟಳು.

"ನಲವತ್ತೊಂದು ಅಂದ್ರ ಯಾವೂರೋ?"

"ಊರಲ್ಲ ಯಕ್ಕಾ. ಒಂದು ಬಯಲು. ಮುನ್ನೂರು ಕಿಲೋಮೀಟರ್. ಮೊದಲ ಕಲ್ಲಿನ ಗಣಿ ಇತ್ತಂತ, ಈಗ ಯಾರೂ ಇಲ್ಲ."

"ಯಾರೂ ಇಲ್ಲದಲ್ಲಿ ನಾ ಹೆಂಗ ಹುಟ್ಟಿದ್ನಂತ?"

ಊರಿನ ಮೂವತ್ತು ಜನ ಕೇಂದ್ರದ ಬಾಗಿಲಿಗೆ ಹೋಗಿ ನಿಂತರು. ಸೂಗವ್ವ ನಮ್ಮಾಕಿ, ನಮ್ಮ ಕಣ್ಣ ಮುಂದೆ ಬೆಳೆದಾಕಿ ಎಂದರು. ಬಾಯಿಮಾತು ತಗೊಳ್ಳುವುದಿಲ್ಲ ಎಂದು ಕಾವಲಿನವನು ಹೇಳಿದ. ಹಾಗೆ ಹೇಳುವಾಗ ಅವನೂ ತಲೆ ತಗ್ಗಿಸಿದ್ದ. ಅವನೂ ಆ ಊರಿನವನೇ.

ನಾಲ್ಕನೇ ದಿನ ಬೆಳಿಗ್ಗೆ ಬಸ್ಸು ಬಂತು. ಸೂಗಮ್ಮ ಎರಡು ಸೀರೆ, ರೊಟ್ಟಿ ಬಡಿಯುವ ಕೊಣಮಿಗೆ, ಹಂಚು ತಗೊಂಡಳು. ಅಳಲಿಲ್ಲ. ಮೆಟ್ಟಿಲು ಹತ್ತಲು ಮೊಣಕಾಲು ಬಾಗದೆ ನಿಂತಾಗ ಯಂಕಣ್ಣ ಸೊಂಟ ಹಿಡಿದು ಎತ್ತಿದ. ಒಂದು ಕಾಲಕ್ಕೆ ಅವಳು ಅವನನ್ನು ಹಾಗೆಯೇ ಎತ್ತಿ ಮುಂಬೈ ರೈಲಿಗೆ ಹಾಕಿದ್ದಳು. ಆಗ ಅವನಿಗೆ ಏಳು ವರ್ಷ.

"ಉಂಡಿ ನಾನ ಕೊಡು ಅಂದೆ ಯಕ್ಕಾ," ಎಂದ.

"ನೀ ಕೇಳಿದಿ, ನಾ ಕೊಟ್ಟೆ. ಮುಗೀತಲ್ಲ. ಬಾಯಿ ಒರಸ್ಕೊ, ಮಂದಿ ನೋಡಕತ್ತಾರ," ಎಂದಳು.

*

ನಲವತ್ತೊಂದನೇ ವಲಯಕ್ಕೆ ಯಂಕಣ್ಣ ಮೊದಲ ಸಲ ಹೋದದ್ದು ಹದಿನೈದು ದಿನದ ಮೇಲೆ. ಕಣ್ಣು ಹರಿದಷ್ಟು ದೂರ ಬಿಳಿ ಕಲ್ಲಿನ ಪುಡಿ. ನಡುವೆ ತಗಡಿನ ಸಾಲು ಮನೆಗಳು, ಒಂದು ಕೊಳವೆ ಬಾವಿ. ಮುನ್ನೂರು ಜನ. ಎಲ್ಲರನ್ನೂ ಮಾತಾಡಿಸಿದ. ಇಟ್ಟಿಗೆ ಭಟ್ಟಿಗೆ ಹೋಗಿ ಬರುತ್ತಿದ್ದವರು, ಕಬ್ಬು ಕಡಿಯಲು ಹೋಗಿ ಬರುತ್ತಿದ್ದವರು, ರಸ್ತೆ ಕೆಲಸದವರು, ಹೆರಿಗೆಗೆ ತವರಿಗೆ ಹೋಗಿ ಬಂದ ಹೆಂಗಸರು. ಅರ್ಧ ಇಲ್ಲಿ ಅರ್ಧ ಅಲ್ಲಿ ನೀರು ಕುಡಿದವರು. ಆ ಮುನ್ನೂರರಲ್ಲಿ ನಲವತ್ತೊಂದರಲ್ಲಿ ಹುಟ್ಟಿದವನು ಒಬ್ಬನೂ ಇರಲಿಲ್ಲ. ಅದೊಂದು ಸರಾಸರಿಗಳ ಊರು.

ಸೂಗಮ್ಮ ಒಲೆ ಹೂಡಿದ್ದಳು. ಅವನಿಗೆ ರೊಟ್ಟಿ ಕೊಟ್ಟಳು. "ಇಲ್ಲಿ ನೀರು ಸಪ್ಪಗ ಐತೋ, ಹಿಟ್ಟು ಜಿಗಿ ಬರಂಗಿಲ್ಲ," ಎಂದಳು. ರೊಟ್ಟಿಯ ಅಂಚು ಸೀಳಿತ್ತು.

ಅಲ್ಲಿಯ ಕಚೇರಿಯ ಗೋಡೆಯ ಮೇಲೆ ಮೇಲ್ಮನವಿಯ ನಿಯಮ ಅಂಟಿಸಿದ್ದರು. ಯಂಕಣ್ಣ ನಿಂತು ಓದಿದ. ಹನ್ನೆರಡು ತಿಂಗಳಲ್ಲಿ ಹೊಸದಾಗಿ ಬೆಳೆದ ಕೂದಲು. ಆ ಹನ್ನೆರಡು ತಿಂಗಳು ಅರ್ಜಿದಾರರು ದಾಖಲಾದ ವಲಯ ಬಿಟ್ಟು ಹೋಗತಕ್ಕದ್ದಲ್ಲ.

ಎರಡನೇ ಸಲ ಓದಿದ. ಈ ಬಯಲಿನಲ್ಲಿ ಹನ್ನೆರಡು ತಿಂಗಳು ಇದ್ದರೆ ಇಲ್ಲಿಯ ನೀರೇ ಕೂದಲಾಗುತ್ತದೆ. ಹನ್ನೆರಡು ತಿಂಗಳ ಮೇಲೆ ಯಾರು ತೂಗಿಸಿದರೂ ನಲವತ್ತೊಂದೇ ಬರುತ್ತದೆ. ಇದನ್ನು ಬರೆದವನಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದು ಬರೆದಿದ್ದರೆ ಅವನು ರಾಕ್ಷಸ, ಗೊತ್ತಿಲ್ಲದೆ ಬರೆದಿದ್ದರೆ ಕತ್ತೆ. ಎರಡರಲ್ಲಿ ಯಾವುದಾದರೂ ಮುನ್ನೂರು ಜನರ ಪಾಲಿಗೆ ಅಷ್ಟೇ.

ಆದರೆ ನಿಯಮದಲ್ಲಿ ಒಂದು ಸಂದು ಇತ್ತು. ವಲಯ ಬಿಡಬಾರದು ಎಂದಿತ್ತು. ಯಾವ ನೀರು ಕುಡಿಯಬೇಕೆಂದು ಇರಲಿಲ್ಲ.

ಅವತ್ತಿನಿಂದ ಯಂಕಣ್ಣ ನೀರು ಹೊತ್ತ. ಹದಿನೈದು ದಿನಕ್ಕೊಮ್ಮೆ ಇಪ್ಪತ್ತು ಲೀಟರಿನ ಎರಡು ಕ್ಯಾನು, ಊರ ಹೊಳೆಯ ನೀರು. ಮುಚ್ಚಳದ ಸಂದಿಯಲ್ಲಿ ಹಗುರ ನೀರು ಹಾರಿಹೋಗದ ಹಾಗೆ ಮೇಣ ಸುರಿದು ಮುಚ್ಚುತ್ತಿದ್ದ. ಮೂರು ಬಸ್ಸು ಬದಲಿಸಬೇಕು. ಕಂಡಕ್ಟರುಗಳು ಸಾರಾಯಿ ಎಂದುಕೊಂಡು ಮೂಸಿ ನೋಡಿದರು. "ಬರೇ ನೀರು ಹೊತ್ಕೊಂಡು ಹೊಂಟೀಯಲ್ಲೋ ಮಾರಾಯ, ತಲಿ ಗಿಲಿ ಕೆಟ್ಟೈತೇನು?" ಎಂದು ಒಬ್ಬ ಕೇಳಿದ. ಮೂರನೇ ತಿಂಗಳಿಗೆ ಬೆನ್ನು ಹಿಡಿಯಿತು, ಆರನೇ ತಿಂಗಳಿಗೆ ಎಡಗೈ ಜುಮ್ಮೆನ್ನತೊಡಗಿತು. ನಿಲ್ಲಿಸಲಿಲ್ಲ. ಆ ನಡುವೆ ಹಳ್ಳಿ ಖಾಲಿಯಾಯಿತು, ಅವನೂ ನೀಲಮ್ಮನೂ ದಿಬ್ಬದ ಮೇಲಿನ ಹೊಸ ಊರಿಗೆ ಹೋದರು. ಅಕ್ಕ ಬರುತ್ತಾಳೆಂದು ಒಂದು ಕೋಣೆ ಹೆಚ್ಚು ಕಟ್ಟಿಸಿದ. ನೀಲಮ್ಮ ಅದಕ್ಕೆ ತಾನೇ ಸುಣ್ಣ ಬಳಿದಳು.

ಪ್ರತಿ ಸಲವೂ ಅಕ್ಕನಿಗೆ ಅದೇ ಪಾಠ. "ಕುಡಿಯಾಕ ಇದ. ಅನ್ನಕ್ಕ ಇದ. ಚಹಾಕ್ಕ ಇದ. ಆ ಬೋರಿನ ನೀರಿಲೆ ಬರೇ ಜಳಕ. ತಿಳೀತಿಲ್ಲ?"

"ತಿಳೀತೋ ತಿಳೀತು. ಹತ್ತು ಸಲ ಹೇಳ್ತಿ, ಶ್ಯಾಣ್ಯಾ ಮಾಸ್ತರ ಆಗಬೇಕಿತ್ತು ನೀ," ಎನ್ನುತ್ತಿದ್ದಳು ಸೂಗಮ್ಮ. ಅವಳ ಕೂದಲು ಬೆಳೆಯುತ್ತಿತ್ತು. ಮೊದಲು ಕಿವಿಯವರೆಗೆ ಬಂತು, ಆಮೇಲೆ ಕುತ್ತಿಗೆಯವರೆಗೆ. ಅವನು ಬಂದಾಗಲೆಲ್ಲ ಗೇಣು ಹಾಕಿ ಅಳೆಯುತ್ತಿದ್ದ. ಅವಳು ಮಗುವಿನ ಹಾಗೆ ತಲೆ ಬಗ್ಗಿಸಿ ಕೊಡುತ್ತಿದ್ದಳು.

*

ವರ್ಷದ ಮೇಲೆ ಮೇಲ್ಮನವಿಯ ಪೊಟ್ಟಣಗಳು ಬಂದವು. ನಲವತ್ತೊಂದರಿಂದ ಮುನ್ನೂರೂ ಬಂದಿದ್ದವು. ಬುಡದಿಂದ ಹನ್ನೆರಡು ಸೆಂಟಿಮೀಟರಿನ ಒಂದು ಕುಚ್ಚು ಕತ್ತರಿಸಿ ಅಲ್ಲಿಯೇ ಮೊಹರು ಮಾಡಿ ಕಳಿಸಿದ್ದರು. ಯಂಕಣ್ಣ ಒಂದೊಂದಕ್ಕೂ ಗುಂಡಿ ಒತ್ತಿದ, ಒಂದೊಂದಕ್ಕೂ ನಲವತ್ತೊಂದು ಎಂದು ಓದಿದ. ಅವನಿಗೆ ಗೊತ್ತಿದ್ದದ್ದೇ. ಆ ಜನರ ಮುಖಗಳು ಕಣ್ಣ ಮುಂದೆ ಬಂದರೂ ನುಂಗಿಕೊಂಡ. ಅವನು ಕಾದಿದ್ದದ್ದು ಒಂದೇ ಪೊಟ್ಟಣಕ್ಕೆ.

ಎರಡನೇ ದಿನ ಬೆಳಿಗ್ಗೆ ಅದು ಬಂತು. ಮೃಣಾಲಿನಿಗೆ ಸಂಖ್ಯೆ ನೆನಪಿತ್ತು. ತನ್ನ ಮೇಜು ಬಿಟ್ಟು ಬಂದು ಅವನ ಪಕ್ಕ ನಿಂತಳು. ಅವನು ನೀರು ಹೊರುತ್ತಿದ್ದದ್ದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇದ್ದು, ಹದಿನೈದು ದಿನಕ್ಕೊಮ್ಮೆ ರಜೆ ಮಂಜೂರು ಮಾಡಿದ್ದಳು.

ಹನ್ನೊಂದು ನಿಮಿಷ.

ಪರದೆಯ ಮೇಲೆ ಬಂದ ಅಂಕಿ ದಶಮಾಂಶದ ಐದನೇ ಸ್ಥಾನದವರೆಗೂ ನಲವತ್ತೊಂದರ ಕೊಳವೆ ಬಾವಿಗೆ ಸರಿಯಾಗಿ ಕೂತಿತ್ತು. ಹೆಚ್ಚಿಲ್ಲ, ಕಡಿಮೆಯಿಲ್ಲ. ಹೋದ ವರ್ಷದ ಅಂಕಿಯಲ್ಲಾದರೂ ಕೊನೆಯಲ್ಲಿ ಒಂದಿಷ್ಟು ಅಲುಗಾಟವಿತ್ತು, ಈ ಸಲ ಅದೂ ಇರಲಿಲ್ಲ. ಕೆಳಗೆ ಯಂತ್ರ ತಾನೇ ಒಂದು ಸಾಲು ಬರೆದಿತ್ತು: ಮೊದಲ ಫಲಿತಾಂಶ ದೃಢಪಟ್ಟಿದೆ, ಕಡತ ಮುಕ್ತಾಯ.

"ಹೇಗೆ ಸಾಧ್ಯ?" ಎಂದಳು ಮೃಣಾಲಿನಿ.

ಯಂಕಣ್ಣ ಎದ್ದು ಹೊರಗೆ ನಡೆದ. ಅವನಿಗೆ ದುಃಖವಾಗಿರಲಿಲ್ಲ, ಸಿಟ್ಟು ಬಂದಿತ್ತು.

*

ಆ ಸಿಟ್ಟು ಮೂರು ಬಸ್ಸು ಬದಲಿಸಿದರೂ ಇಳಿಯಲಿಲ್ಲ. ಮರುದಿನ ಬೆಳಿಗ್ಗೆ ಬಯಲಿಗೆ ಬಂದು ತಗಡಿನ ಬಾಗಿಲು ಗುದ್ದಿದ. ಸೂಗಮ್ಮ ಹೊರಗೆ ಬಂದಳು.

"ನೀರೆಲ್ಲಿ ಹಾಕಿದಿ?"

"ಒಳಗ ಬಾ, ಚಾ ಕುಡಿ."

"ಚಾ ಬ್ಯಾಡ! ಒಂದು ವರ್ಷ ಬೆನ್ನು ಮುರ್ಕೊಂಡು ಹೊತ್ತು ತಂದೀನಿ. ಒಂದ ಹನಿ ನಿನ್ನ ಹೊಟ್ಟಿಗೆ ಹೋಗಿಲ್ಲ. ಎಲ್ಲಿ ಚೆಲ್ಲಿದಿ? ದನಕ್ಕ ಕುಡಿಸಿದೇನು?"

ಸೂಗಮ್ಮ ಬಾಗಿಲ ಚೌಕಟ್ಟು ಹಿಡಿದು ನಿಧಾನವಾಗಿ ಕಟ್ಟೆಯ ಮೇಲೆ ಕೂತಳು. "ಮೊದಲನೇ ಸಲ ನೀ ತಂದು ಹೋದಿ ನೋಡು, ಅವತ್ತ ಆ ಕಡಿ ಮನಿ ಮುದುಕ ಸಾಯಾಕ ಬಿದ್ದಿದ್ದ. ಹೊಳಿ ದಂಡಿಯಾವನ ಆತ. ಸೂಗವ್ವಾ, ಊರ ನೀರು ಬಂದೈತಂತ, ಬಾಯಾಗ ಒಂದು ಗುಟುಕು ಹಾಕು ಅಂದ. ಹಾಕಿದೆ. ಇಲ್ಲ ಅನ್ಲೇನು?"

"ಒಂದು ಗುಟುಕು ಹಾಕು. ನಲವತ್ತು ಲೀಟ್ರು?"

"ಮರುದಿನ ಆತನ ಹೆಂಡ್ತಿ ಬಂದ್ಲು. ಆಮ್ಯಾಲ ಆಚಿ ಸಾಲಿನಾವ್ರು. ನಿನ್ನ ಬಸ್ಸು ಹೋಗೂದ ತಡ, ವಾಟಗ ಲೋಟ ಹಿಡಕೊಂಡು ಬಾಗಿಲಾಗ ನಿಂತಿರ್ತಿದ್ರು. ಜಗಳಿಲ್ಲ, ತಕರಾರಿಲ್ಲ. ಬರೇ ನಿಂತಿರ್ತಿದ್ರು. ಕೆಲವ್ರು ನಮ್ಮ ಹೊಳಿ ಮಂದಿನೂ ಅಲ್ಲ, ಆದ್ರ ಯಾವುದೋ ಒಂದು ಊರ ನೀರಲ್ಲೇನು ಅಂತ ಅವರಿಗೆ. ಅವರೆಲ್ಲಾ ನೋಡಕತ್ತಾಗ ನಾ ಒಬ್ಬಾಕಿ ಗಟಗಟ ಕುಡಿಬೇಕಿತ್ತೇನು? ಗಂಟಲಾಗ ಇಳಿತಿದ್ದಿಲ್ಲೋ. ನಾಕು ದಿನಕ್ಕ ಎರಡೂ ಕ್ಯಾನ್ ಖಾಲಿ ಆಗ್ತಿದ್ವು. ನನ್ನ ಪಾಲಿಗೂ ಒಂದು ಮುಚ್ಚಳ ಬರ್ತಿತ್ತು. ಸುಳ್ಳು ಹೇಳಂಗಿಲ್ಲ, ಅದನ್ನ ನಾನೂ ಕುಡದೀನಿ."

ಯಂಕಣ್ಣನ ತಲೆ ತನಗೆ ತಾನೇ ಲೆಕ್ಕ ಹಾಕಿತು. ಮುನ್ನೂರು ಜನ, ನಲವತ್ತು ಲೀಟರು, ಹದಿನೈದು ದಿನ. ತಲೆಗೆ ಒಂದು ಲೋಟವೂ ಇಲ್ಲ. ಐದನೇ ಸ್ಥಾನವನ್ನೂ ಅದು ಮುಟ್ಟಲಾರದು. ಹೊಳೆಯ ನೀರು ಮುನ್ನೂರು ಮೈಗಳಲ್ಲಿ ಹಂಚಿಹೋಗಿ ಎಲ್ಲಿಯೂ ಕಾಣದಷ್ಟು ತೆಳುವಾಗಿತ್ತು.

"ನಿನಗಂತ ಕ್ವಾಣಿ ಕಟ್ಟಿಸೀನಿ ಯಕ್ಕಾ," ಎಂದ. "ನೀಲವ್ವ ಸುಣ್ಣ ಹಚ್ಯಾಳ. ಒಂದು ವರ್ಷ, ಒಂದ ವರ್ಷ ಕಲ್ಲು ಮನಸ್ಸು ಮಾಡಿದ್ರ ಮನಿಗೆ ಬರ್ತಿದ್ದಿ."

ಸಾಲು ಮನೆಗಳ ಬಾಗಿಲುಗಳಲ್ಲಿ ಜನ ಬಂದು ನಿಂತಿದ್ದರು. ಅವನು ಯಾಕೆ ಬಂದಿದ್ದಾನೆಂದು ಅವರಿಗೂ ಗೊತ್ತಾಗಿತ್ತು. ಯಾರೂ ಹತ್ತಿರ ಬರಲಿಲ್ಲ. ಈ ಸಲ ಅವನು ಕ್ಯಾನು ತಂದಿರಲಿಲ್ಲ. ಆದರೂ ಕೆಲವರ ಕಣ್ಣು ಅವನ ಬರಿಗೈಯನ್ನು ನೋಡಿ ಕೆಳಗಾದವು.

ಸೂಗಮ್ಮ ತಮ್ಮನ ಕಡೆ ತಿರುಗಿ ಕೇಳಿದಳು. "ಮಿಶಿನ್ನು ಏನಂತು?"

"ನಲವತ್ತೊಂದು."

"ಅಂದ್ರ?"

"ನೀ ಇಲ್ಲಿಯಾಕಿ ಅಂತ."

ಅವಳು ಬಯಲನ್ನು ನೋಡಿದಳು. ಬಿಳಿ ಪುಡಿ ಬಿಸಿಲಿಗೆ ಕಣ್ಣು ಚುಚ್ಚುತ್ತಿತ್ತು. ಕೈ ಎತ್ತಿ ಕತ್ತರಿಸಿ ಉಳಿದ ಕೂದಲನ್ನು ಕಿವಿಯ ಹಿಂದೆ ಸರಿಸಿಕೊಂಡಳು.

"ಬಿಡು, ಈ ಸಲ ಖರೇನ ಹೇಳೈತಿ," ಎಂದಳು. "ನೀ ಇನ್ನ ನೀರು ಹೊರಬ್ಯಾಡೋ ತಮ್ಮಾ. ಬೆನ್ನು ನೋಡ್ಕೊ."